ಕಣ್ಣಾರೆ ಕಂಡವರ ಊರು

ವೆನಿಸ್‌ಗೆ ಹೋಗುವ ನಮ್ಮವರು ಪಾದೊವಾವನ್ನು ನೋಡುವುದು ಹೆಚ್ಚಾಗಿ ರೈಲಿನ ಕಿಟಕಿಯಿಂದಲೇ. ಎರಡು ಊರುಗಳ ನಡುವೆ ಅರ್ಧ ಗಂಟೆಯ ದಾರಿ. ನೀರ ಮೇಲಿನ ಊರನ್ನು ಕಾಣುವ ಆತುರದಲ್ಲಿ ಇಲ್ಲಿ ಇಳಿಯುವ ಮನಸ್ಸು ಯಾರಿಗೆ? ನಾನು ಮಾತ್ರ ಇಲ್ಲಿಗೇ ಟಿಕೆಟ್ ತೆಗೆಸಿದ್ದೆ. ರೋಗಶಾಸ್ತ್ರ, ಅಂದರೆ ಪೆಥಾಲಜಿ, ನನ್ನ ಕಸುಬು. ಹೃದಯದ ಕಾಯಿಲೆಗಳ ಬಗ್ಗೆ ಒಂದು ಸಮ್ಮೇಳನ ಸೆಪ್ಟೆಂಬರಿನಲ್ಲಿ ಅಲ್ಲಿ ನಡೆಯುತ್ತದೆಂದು ತಿಳಿದಾಗ, ನನ್ನ ಪ್ರಬಂಧ ಒಪ್ಪಿಗೆಯಾಗುವ ಮೊದಲೇ ಹೋಗಿಬರಬೇಕೆಂದು ನಿಶ್ಚಯಿಸಿಬಿಟ್ಟೆ. ಮೈಕ್ರೋಸ್ಕೋಪಿನ ಮುಂದೆ ಕೂತು ತಲೆ ನರೆತ ನನ್ನಂಥವರಿಗೆ ಪಾದೊವಾ ತವರುಮನೆ.

ಊರು ದೊಡ್ಡದಲ್ಲ, ಜನಸಂಖ್ಯೆ ಎರಡು ಲಕ್ಷದಷ್ಟು. ಹಳೆಯ ಬೀದಿಗಳ ಬದಿಯಲ್ಲಿ ಕಮಾನುಗಳ ಮೊಗಸಾಲೆ ಸಾಲಾಗಿ ಹೋಗುತ್ತದೆ; ಬಿಸಿಲಿರಲಿ, ಮಳೆಯಿರಲಿ, ಕೊಡೆ ಬಿಚ್ಚದೆ ಊರಿನ ಅರ್ಧ ಭಾಗ ಸುತ್ತಬಹುದು. ಸೈಕಲ್ಲುಗಳ ಮೇಲೆ ವಿದ್ಯಾರ್ಥಿಗಳು. ನಡುವಿನ ಚೌಕದಲ್ಲಿ ಬೆಳಗಿನ ತರಕಾರಿ ಸಂತೆ, ಅದರ ಪಕ್ಕಕ್ಕೇ ಹದಿಮೂರನೆಯ ಶತಮಾನದ ನ್ಯಾಯಸಭೆಯ ಭವನ. ಮೇಲೆ ಭಾರಿ ಹಜಾರ, ಕೆಳಗೆ ಇಂದಿಗೂ ಮಾಂಸ, ಗಿಣ್ಣು, ಮೀನಿನ ಅಂಗಡಿಗಳು. ತಮ್ಮ ಊರಿನಲ್ಲಿ ಹುಲ್ಲಿಲ್ಲದ ಹುಲ್ಲುಗಾವಲು, ಬಾಗಿಲಿಲ್ಲದ ಕಾಫಿಮನೆ, ಹೆಸರಿಲ್ಲದ ಸಂತ ಇದ್ದಾರೆ ಎಂದು ಇಲ್ಲಿಯವರು ಬಂದವರಿಗೆಲ್ಲ ಹೇಳುತ್ತಾರೆ. ಹುಲ್ಲುಗಾವಲೆಂದರೆ 78 ಕಲ್ಲಿನ ಪ್ರತಿಮೆಗಳು ಸುತ್ತುವರಿದ ಅಂಡಾಕಾರದ ದೊಡ್ಡ ಬಯಲು. ಈಗ ಅಲ್ಲಿ ಹುಲ್ಲೂ ಇದೆ. ಕಾಫಿಮನೆ ಎಂದರೆ 1831ರಲ್ಲಿ ತೆರೆದ ಪೆದ್ರೊಕ್ಕಿ. ಅದನ್ನು ಹಗಲು ರಾತ್ರಿ ಮುಚ್ಚುತ್ತಿರಲಿಲ್ಲವಾದ್ದರಿಂದ ಬಾಗಿಲಿನ ಮಾತು. ಸಂತ ಎಂದರೆ ಅಂತೋಣಿ. ಪಾದೊವಾದಲ್ಲಿ ಬರೀ ‘ಸಂತ’ ಎಂದರೆ ಸಾಕು, ಇನ್ನೊಬ್ಬರ ನೆನಪು ಯಾರಿಗೂ ಬರುವುದಿಲ್ಲ.

ಪೆದ್ರೊಕ್ಕಿಯಲ್ಲಿ ಪುದೀನದ ಹಸಿರು ಕೆನೆ ತೇಲಿಸಿದ ಕಾಫಿ ಕುಡಿದೆ. ಹಾಸನದ ಕಡೆಯವಳಾದ ನನಗೆ ಕಾಫಿಯ ಬಗ್ಗೆ ಹುಟ್ಟಿನಿಂದ ಬಂದ ಮಮತೆಯಿದೆ. ಯುರೋಪಿನ ಪುಸ್ತಕಗಳಲ್ಲಿ ಕಾಫಿ ಗಿಡವನ್ನು ಮೊದಮೊದಲು ಚಿತ್ರಿಸಿ ವಿವರಿಸಿದವರಲ್ಲಿ ಒಬ್ಬ ಪ್ರೊಸ್ಪೆರೊ ಅಲ್ಪೀನಿ. ಕೈರೋದ ಒಂದು ತೋಟದಲ್ಲಿ ಅದನ್ನು ಕಂಡು, ಈಜಿಪ್ಟಿನ ಗಿಡಗಳ ಬಗ್ಗೆ 1592ರಲ್ಲಿ ತಂದ ಪುಸ್ತಕದಲ್ಲಿ ಬರೆದ. ಮುಂದೆ ಇದೇ ಪಾದೊವಾದ ಸಸ್ಯೋದ್ಯಾನದ ಮೇಲ್ವಿಚಾರಕನಾದ.

ಆ ಉದ್ಯಾನ 1545ರದು. ವಿಶ್ವವಿದ್ಯಾಲಯದ ಉದ್ಯಾನಗಳಲ್ಲಿ ನೆಟ್ಟ ಜಾಗದಲ್ಲೇ ಉಳಿದುಬಂದಿರುವ ಅತಿ ಹಳೆಯದು ಎಂಬ ಹೆಗ್ಗಳಿಕೆ ಅದಕ್ಕಿದೆ. ಮದ್ದಿನ ಗಿಡ ಯಾವುದು, ಅದರಂತೆಯೇ ಕಾಣುವ ವಿಷದ ಗಿಡ ಯಾವುದು ಎಂದು ವೈದ್ಯ ವಿದ್ಯಾರ್ಥಿಗಳು ಪುಸ್ತಕ ಓದಿ ತಿಳಿಯಲಾರರು, ಗಿಡವನ್ನೇ ನೋಡಬೇಕು ಎಂದು ಒಬ್ಬ ಪ್ರಾಧ್ಯಾಪಕ ಊರನ್ನು ಆಗ ಆಳುತ್ತಿದ್ದ ವೆನಿಸ್ ಗಣರಾಜ್ಯಕ್ಕೆ ಮನವಿ ಮಾಡಿದ; ಗಣರಾಜ್ಯ ಒಪ್ಪಿತು. ಗಿಡಗಳು ರಾತ್ರೋರಾತ್ರಿ ಕಳುವಾಗತೊಡಗಿದಾಗ ಸುತ್ತಲೂ ದುಂಡನೆಯ ಗೋಡೆ ಎದ್ದಿತು. 1585ರಲ್ಲಿ ನೆಟ್ಟ ಒಂದು ಕುಳ್ಳ ತಾಳೆ ಇಂದಿಗೂ ಗಾಜಿನ ಮನೆಯೊಳಗೆ ಜೀವಂತವಾಗಿದೆ. 1786ರಲ್ಲಿ ಗಯಟೆ ಅದರ ಮುಂದೆ ನಿಂತು, ಬುಡದಿಂದ ತುದಿಗೆ ಎಲೆ ಹೇಗೆ ರೂಪ ಬದಲಿಸುತ್ತ ಹೋಗುತ್ತದೆಂದು ಗಮನಿಸಿದ. ಸಸ್ಯಗಳ ರೂಪಾಂತರದ ಬಗ್ಗೆ ಅವನು ಮುಂದೆ ಬರೆದ ಗ್ರಂಥಕ್ಕೆ ಅದು ಪ್ರೇರಣೆಯಾಯಿತು.

ಆದರೆ ನನ್ನ ಕಾಲು ಎಳೆಯುತ್ತಿದ್ದುದು ಪಲಾಜ್ಜೊ ಬೊ ಕಡೆಗೆ. 1222ರಲ್ಲಿ, ಬೊಲೊನ್ಯಾದಲ್ಲಿ ಸ್ವಾತಂತ್ರ್ಯ ಸಾಲದೆಂದು ಹೊರಬಂದ ವಿದ್ಯಾರ್ಥಿಗಳೂ ಗುರುಗಳೂ ಕಟ್ಟಿದ ವಿಶ್ವವಿದ್ಯಾಲಯದ ಹಳೆಯ ಮನೆ ಅದು. ಒಳ ಅಂಗಳದ ಗೋಡೆ, ಚಾವಣಿಗಳಲ್ಲೆಲ್ಲ ಇಲ್ಲಿ ಓದಿಹೋದವರ ಮನೆತನದ ಲಾಂಛನಗಳು ತುಂಬಿವೆ. ಪೋಪನ ಆಜ್ಞೆಯಂತೆ ಪದವಿ ಬೇಕಾದವರು ಕ್ಯಾಥೊಲಿಕ್ ನಂಬಿಕೆಯ ಪ್ರಮಾಣ ಮಾಡಬೇಕಿದ್ದ ಕಾಲದಲ್ಲಿ, ವೆನಿಸ್ ಗಣರಾಜ್ಯ 1616ರಲ್ಲಿ ಬೇರೆಯೇ ಒಂದು ಪರೀಕ್ಷಾಮಂಡಲಿ ರಚಿಸಿ, ಪ್ರಾಟೆಸ್ಟಂಟರಿಗೂ ಯಹೂದಿಗಳಿಗೂ ಪ್ರಮಾಣವಿಲ್ಲದೆ ಪದವಿ ಸಿಗುವಂತೆ ಮಾಡಿತು. ಗೆಲಿಲಿಯೊ 1592ರಿಂದ 18 ವರ್ಷ ಇಲ್ಲಿ ಗಣಿತ ಕಲಿಸಿದ. 1610ರ ಜನವರಿಯಲ್ಲಿ, ಇದೇ ಊರಿನಲ್ಲಿ, ದೂರದರ್ಶಕವನ್ನು ಗುರುಗ್ರಹದತ್ತ ತಿರುಗಿಸಿ ಅದರ ಚಂದ್ರರನ್ನು ಕಂಡ. ಅವನು ನಿಂತು ಪಾಠ ಹೇಳುತ್ತಿದ್ದ ಪೀಠವೆಂದು ಒರಟು ಹಲಗೆಗಳ ಒಂದು ಅಟ್ಟಣೆಯನ್ನು ಹಾಗೇ ಉಳಿಸಿಕೊಂಡಿದ್ದಾರೆ.

ಮೆಟ್ಟಿಲ ಬುಡದಲ್ಲಿ ಒಂದು ಹೆಣ್ಣಿನ ಪ್ರತಿಮೆ. ಎಲೆನಾ ಕೊರ್ನಾರೊ ಪಿಸ್ಕೋಪಿಯ. ಆಕೆ ದೇವತಾಶಾಸ್ತ್ರದಲ್ಲಿ ಪದವಿ ಕೇಳಿದಳು. ಹೆಂಗಸು ದೇವತಾಶಾಸ್ತ್ರ ಬೋಧಿಸುವುದು ಸಲ್ಲದೆಂದು ಬಿಷಪ್ ತಡೆದ. ಕೊನೆಗೆ ತತ್ತ್ವಶಾಸ್ತ್ರಕ್ಕೆ ಒಪ್ಪಿದರು. 1678ರ ಜೂನ್ 25ರಂದು ಆಕೆಯ ಪರೀಕ್ಷೆ ಕೇಳಲು ಬಂದ ಜನ ವಿಶ್ವವಿದ್ಯಾಲಯದಲ್ಲಿ ಹಿಡಿಸದೆ, ಸಭೆಯನ್ನು ಪಕ್ಕದ ಕ್ಯಾಥೀಡ್ರಲ್ಲಿಗೆ ಸಾಗಿಸಬೇಕಾಯಿತು. ಪದವಿ ಪಡೆದ ಮೊದಲ ಹೆಣ್ಣುಮಗಳೆಂದು ಲೋಕ ಆಕೆಯನ್ನು ನೆನೆಯುತ್ತದೆ. ಆಮೇಲೆ ಈ ಊರು ಎಷ್ಟೋ ತಲೆಮಾರು ಇನ್ನೊಬ್ಬಳಿಗೆ ಪದವಿ ಕೊಡಲಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ನಮ್ಮ ತರಗತಿಗಳಲ್ಲಿ ಈಗ ಹೆಣ್ಣುಮಕ್ಕಳದೇ ಮೇಲುಗೈ. ಪ್ರತಿಮೆಯ ಮುಂದೆ ನಿಂತಾಗ ಅವರ ಮುಖಗಳೆಲ್ಲ ಕಣ್ಣಮುಂದೆ ಬಂದವು.

ಅಲ್ಲಿಂದ ಮುಂದೆ ಅಂಗರಚನಾ ರಂಗಮಂದಿರ. 1595ರಲ್ಲಿ ಅಂಗರಚನೆಯ ಪ್ರಾಧ್ಯಾಪಕ ಜಿರೊಲಾಮೊ ಫಾಬ್ರಿಚಿಯ ಕಾಲದಲ್ಲಿ ಕಟ್ಟಿದ್ದು; ಶಾಶ್ವತವಾಗಿ ಕಟ್ಟಿದ ಇಂಥ ರಂಗಮಂದಿರಗಳಲ್ಲಿ ಉಳಿದಿರುವ ಅತಿ ಹಳೆಯದು. ಪ್ರವಾಸಿಗರನ್ನು ಒಳಕ್ಕೆ ಬಿಡುವುದು ಕೆಳಗಿನಿಂದ, ಹೆಣದ ಮೇಜು ಇರುತ್ತಿದ್ದ ಜಾಗಕ್ಕೆ. ಕತ್ತೆತ್ತಿ ನೋಡಿದರೆ ಒಂದರ ಮೇಲೊಂದು ಆರು ಅಂಡಾಕಾರದ ಅಟ್ಟಣೆಗಳು, ಮರದ ಕಂಬಿಗಳು, ಮೇಲಕ್ಕೆ ಹೋದಂತೆ ಅಗಲವಾಗುವ ಕೊಳವೆ. ಕೂರಲು ಜಾಗವೇ ಇಲ್ಲ. ಇನ್ನೂರು ಮುನ್ನೂರು ಜನ ಒತ್ತಾಗಿ ನಿಂತು, ಕಂಬಿಗೆ ಎದೆಯೊತ್ತಿ, ಮೇಣದ ಬತ್ತಿಗಳ ಬೆಳಕಿನಲ್ಲಿ ಕೆಳಗಿನ ದೇಹವನ್ನು ನೋಡುತ್ತಿದ್ದರು. ಹೆಣ ಕೆಡದಿರಲೆಂದು ಈ ಪಾಠ ನಡೆಯುತ್ತಿದ್ದುದು ಚಳಿಗಾಲದಲ್ಲಿ ಮಾತ್ರ. ಬೇರೆ ಪ್ರವಾಸಿಗರು ಮಾರ್ಗದರ್ಶಿಯ ಮಾತು ಕೇಳುತ್ತಿದ್ದರು. ನನಗೆ ಆ ಮೇಲಿನ ಸಾಲುಗಳಿಂದ ಎಷ್ಟೋ ಜೋಡಿ ಕಣ್ಣುಗಳು ನನ್ನನ್ನೇ ನೋಡುತ್ತಿವೆ ಅನಿಸಿತು. ದೇಹದ ಜಾಗದಲ್ಲಿ ನಿಂತು ನೋಡುವವರ ಕಡೆ ಕಣ್ಣು ಹಾಯಿಸಿದ್ದು ನನ್ನ ಇಷ್ಟು ವರ್ಷದ ವೃತ್ತಿಯಲ್ಲಿ ಅದೇ ಮೊದಲು.

ಈ ರಂಗಮಂದಿರ ಕಟ್ಟುವ ಅರ್ಧ ಶತಮಾನ ಮೊದಲೇ ದೊಡ್ಡ ಬದಲಾವಣೆ ಇಲ್ಲಿ ಆಗಿಹೋಗಿತ್ತು. ಅಂಗರಚನೆಯ ಪಾಠವೆಂದರೆ ಆಗ ಮೂವರ ಕೆಲಸ. ಗುರು ಎತ್ತರದ ಪೀಠದಲ್ಲಿ ಕೂತು ಪ್ರಾಚೀನ ಗ್ರೀಕ್ ವೈದ್ಯ ಗೇಲನ್‌ನ ಗ್ರಂಥ ಓದುತ್ತಿದ್ದ, ಕೆಳಗೆ ಕ್ಷೌರಿಕನೊಬ್ಬ ಕತ್ತಿ ಆಡಿಸುತ್ತಿದ್ದ, ಇನ್ನೊಬ್ಬ ಕೋಲು ಹಿಡಿದು ತೋರಿಸುತ್ತಿದ್ದ. ಗ್ರಂಥಕ್ಕೂ ದೇಹಕ್ಕೂ ತಾಳೆಯಾಗದಿದ್ದರೆ ತಪ್ಪು ದೇಹದ್ದೇ. ಬ್ರಸೆಲ್ಸ್‌ನಿಂದ ಬಂದ ಆಂಡ್ರಿಯಾಸ್ ವೆಸಾಲಿಯಸ್ 1537ರಲ್ಲಿ, ಇನ್ನೂ ಇಪ್ಪತ್ತಮೂರು ತುಂಬುವ ಹೊತ್ತಿಗೆ, ಇಲ್ಲಿ ಅಧ್ಯಾಪಕನಾದ. ಪೀಠದಿಂದ ಇಳಿದು ಕತ್ತಿಯನ್ನು ತಾನೇ ಹಿಡಿದ. ಗೇಲನ್ ಕೊಯ್ದು ನೋಡಿದ್ದು ಮಂಗ, ಹಂದಿಗಳನ್ನು, ಮನುಷ್ಯರನ್ನಲ್ಲ ಎಂದು ಅವನಿಗೆ ಮೆಲ್ಲಗೆ ಹೊಳೆಯತೊಡಗಿತು. ಮನುಷ್ಯನ ಕೆಳದವಡೆ ಎರಡು ಎಲುಬು ಎಂದಿತ್ತು ಗ್ರಂಥ. ಕಣ್ಣಮುಂದೆ ಇದ್ದದ್ದು ಒಂದೇ. 1543ರಲ್ಲಿ ಅವನ ಮಹಾಗ್ರಂಥ ಅಚ್ಚಾದಾಗ ಅವನ ವಯಸ್ಸು ಇಪ್ಪತ್ತೆಂಟು. ಅವನ ಬಳಿಕದ ಪರಂಪರೆಯಲ್ಲಿ ಬಂದ ಫಾಬ್ರಿಚಿ ರಕ್ತನಾಳಗಳ ಒಳಗಿನ ಪುಟ್ಟ ಕವಾಟಗಳನ್ನು ವಿವರಿಸಿದ. ಅವನ ಪಾಠ ಕೇಳಿ 1602ರಲ್ಲಿ ಪದವಿ ಪಡೆದ ಇಂಗ್ಲೆಂಡಿನ ವಿಲಿಯಂ ಹಾರ್ವೆ, ಆ ಕವಾಟಗಳು ಒಂದೇ ದಿಕ್ಕಿಗೆ ಏಕೆ ತೆರೆಯುತ್ತವೆ ಎಂಬುದನ್ನೂ ಸೇರಿಸಿಕೊಂಡು ಯೋಚಿಸಿ, ರಕ್ತ ದೇಹದಲ್ಲಿ ಸುತ್ತುತ್ತದೆಂದು 1628ರಲ್ಲಿ ತೋರಿಸಿಕೊಟ್ಟ.

ಇದನ್ನೆಲ್ಲ ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತೇನೆ. ಆದರೆ ಆ ಬಾವಿಯಂಥ ಮನೆಯ ತಳದಲ್ಲಿ ನಿಂತಾಗ ಬೇರೊಂದು ಮಾತು ಚುಚ್ಚಿತು. ಮೇಜಿನ ಮೇಲೆ ಮಲಗಿದ್ದವರು ಯಾರು? ಬಹುಪಾಲು ಗಲ್ಲಿಗೇರಿದವರು, ಕೇಳುವವರಿಲ್ಲದವರು. ವೆಸಾಲಿಯಸ್ಸನ ಹೆಸರು ಕಲ್ಲಿನಲ್ಲಿದೆ, ಅವನಿಗೆ ದವಡೆ ತೋರಿಸಿಕೊಟ್ಟವನ ಹೆಸರು ಎಲ್ಲೂ ಇಲ್ಲ. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಹಾರ್ವೆ ತನ್ನ ತಂದೆಯ ದೇಹವನ್ನೂ ತಂಗಿಯ ದೇಹವನ್ನೂ ತಾನೇ ಪರೀಕ್ಷಿಸಿದನೆಂದು ಅವನ ಟಿಪ್ಪಣಿಗಳಿಂದ ತಿಳಿಯುತ್ತದೆ. ಅದನ್ನು ನೆನೆದಾಗ ನನಗೆ ನೆನಪಾದದ್ದು ಬೆಳಗಾವಿ. 2010ರಲ್ಲಿ ಡಾ. ಮಹಾಂತೇಶ ರಾಮಣ್ಣವರ, ದೇಹದಾನ ಮಾಡಿದ್ದ ತಮ್ಮ ತಂದೆಯ ಇಚ್ಛೆಯಂತೆ, ಅವರ ದೇಹವನ್ನು ತಮ್ಮ ಕೈಯಾರೆ ವಿದ್ಯಾರ್ಥಿಗಳೆದುರು ಛೇದಿಸಿ ಪಾಠ ಹೇಳಿದರು. ಇಲ್ಲಿ ದೇಹ ಕೊಟ್ಟವರಿಗೆ ಹೆಸರಿದೆ, ಅವರ ಮಾತಿದೆ. ಆ ಒಂದು ಘಟನೆಯನ್ನು ನಾನು ಪಾದೊವಾದ ಯಾವ ಸಾಹಸಕ್ಕಿಂತಲೂ ಕಡಿಮೆಯೆಂದು ಎಣಿಸಲಾರೆ.

ಸಮ್ಮೇಳನದ ಸಭಾಂಗಣ ಆಧುನಿಕವಾದದ್ದು. ಆದರೂ ಅಲ್ಲಿ ಎಲ್ಲರ ಬಾಯಲ್ಲೂ ಜೊವಾನ್ನಿ ಬತ್ತಿಸ್ತಾ ಮೊರ್ಗಾನ್ಯಿಯ ಹೆಸರು. ಹದಿನೆಂಟನೆಯ ಶತಮಾನದಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಈ ಊರಿನಲ್ಲಿ ಕಲಿಸಿದವನು. ರೋಗಿ ಬದುಕಿದ್ದಾಗ ಏನೇನು ಸಂಕಟ ಹೇಳಿಕೊಂಡ, ಸತ್ತ ಮೇಲೆ ದೇಹದ ಯಾವ ಅಂಗದಲ್ಲಿ ಏನು ಕಂಡಿತು ಎಂದು ಎರಡನ್ನೂ ಜೋಡಿಸಿ, ಏಳುನೂರರಷ್ಟು ಪ್ರಕರಣಗಳನ್ನು 1761ರಲ್ಲಿ, ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಪ್ರಕಟಿಸಿದ. ಕಾಯಿಲೆ ಎಲ್ಲಿದೆ ಎಂದು ಕೇಳುವ ಅಭ್ಯಾಸ ವೈದ್ಯರಿಗೆ ಬಂದದ್ದು ಅವನಿಂದ.

ಆ ಪ್ರಶ್ನೆಯನ್ನು ಈ ಊರಿನವರು ಬಿಟ್ಟಿಲ್ಲ. 1979ರಿಂದ 1986ರವರೆಗೆ ವೆನೆತೊ ಪ್ರಾಂತ್ಯದಲ್ಲಿ ಹಠಾತ್ತಾಗಿ ಸತ್ತ, ಮೂವತ್ತೈದು ದಾಟದ 60 ಜನರ ಹೃದಯಗಳನ್ನು ಗಯೆತಾನೊ ತಿಯೇನೆ ಮತ್ತು ಸಂಗಡಿಗರು ಒಂದೊಂದಾಗಿ ಪರೀಕ್ಷಿಸಿದರು. 12 ಹೃದಯಗಳಲ್ಲಿ ಬಲಭಾಗದ ಸ್ನಾಯು ಸವೆದು, ಅದರ ಜಾಗದಲ್ಲಿ ಕೊಬ್ಬು, ನಾರು ತುಂಬಿಕೊಂಡಿತ್ತು. 1988ರಲ್ಲಿ ಅದು ಪ್ರಕಟವಾದ ಮೇಲೆ ಲೋಕದ ವೈದ್ಯರ ಗಮನ ಈ ಕಾಯಿಲೆಯ ಕಡೆ ತಿರುಗಿತು. ಇದು ಅನೇಕ ಮನೆಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ಓಡುವಾಗ, ಆಡುವಾಗ ಹೃದಯದ ತಾಳ ತಪ್ಪಿ ಗಟ್ಟಿಮುಟ್ಟಾದ ಹುಡುಗ ಬಿದ್ದುಬಿಡುತ್ತಾನೆ. ಸ್ಪರ್ಧೆಗಿಳಿಯುವ ಎಲ್ಲ ಕ್ರೀಡಾಪಟುಗಳಿಗೂ ಇಸಿಜಿ ಸಹಿತ ತಪಾಸಣೆಯನ್ನು ಇಟಲಿ 1982ರಲ್ಲೇ ಕಡ್ಡಾಯ ಮಾಡಿತ್ತು. 2004ರವರೆಗಿನ ಲೆಕ್ಕ ತೆಗೆದಾಗ ವೆನೆತೊದ ಯುವ ಕ್ರೀಡಾಪಟುಗಳ ಹಠಾತ್ ಸಾವು ಶೇ. 89ರಷ್ಟು ಇಳಿದಿತ್ತು. ಇಳಿಕೆಯ ಪುಣ್ಯವೆಲ್ಲ ಇಸಿಜಿಗೇ ಸಲ್ಲಬೇಕೆಂಬುದನ್ನು ಬೇರೆ ದೇಶಗಳ ಕೆಲವು ತಜ್ಞರು ಒಪ್ಪುವುದಿಲ್ಲ. ಇರಲಿ. ಸತ್ತ ಹೃದಯಗಳನ್ನು ತೆರೆದು ನೋಡದಿದ್ದರೆ ಬದುಕಿರುವವರಲ್ಲಿ ಏನನ್ನು ಹುಡುಕಬೇಕೆಂದು ಅವರಿಗೆ ತಿಳಿಯುತ್ತಲೇ ಇರಲಿಲ್ಲ, ಇಷ್ಟರಲ್ಲಿ ಜಗಳವಿಲ್ಲ.

ಆ ಅಂಕಿಗಳು ತೆರೆಯ ಮೇಲೆ ಬಂದಾಗ ನನ್ನ ಮನಸ್ಸು ಹಾಸನದಲ್ಲಿತ್ತು. 2025ರ ಜೂನಿನಲ್ಲಿ ನಮ್ಮ ಜಿಲ್ಲೆಯ ಹೆಸರು ದೇಶದ ಬಾಯಲ್ಲೆಲ್ಲ ಓಡಾಡಿತು: ಹೃದಯಾಘಾತ, ಹೃದಯಾಘಾತ. ಆಟೋ ಓಡಿಸುವವರು, ಓದುವ ಮಕ್ಕಳು, ಮದುವೆಯಾಗಿ ವರ್ಷ ತುಂಬದವರು. ಅವ್ವ ದಿನಾ ಸಂಜೆ ಫೋನ್ ಮಾಡಿ, “ನಿನ್ನ ತಮ್ಮನಿಗೆ ಹೇಳವ್ವ, ಒಂದ್ಸಲ ತೋರಿಸ್ಕೊಂಡು ಬರ್ಲಿ” ಅನ್ನುತ್ತಿದ್ದಳು. ಮೈಸೂರು, ಬೆಂಗಳೂರುಗಳ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದ ಸಾಲು. ಸರ್ಕಾರ ತಜ್ಞರ ಸಮಿತಿ ಮಾಡಿತು. ಆಸ್ಪತ್ರೆಯ ಹೊರಗೆ ಹಠಾತ್ತಾಗಿ ಸಾಯುವವರ ಮರಣೋತ್ತರ ಪರೀಕ್ಷೆ ಆಗಬೇಕೆಂದು ಆರೋಗ್ಯ ಸಚಿವರು ಪ್ರಕಟಿಸಿದರು. ಆ ಮಾತು ಕೇಳಿ ನನಗೆ ಸಮಾಧಾನವಾಗಿತ್ತು. ತೆರೆದು ನೋಡದ ಹೃದಯದ ಬಗ್ಗೆ ‘ಆಘಾತ’ ಎಂದು ಬರೆಯುವುದು ಊಹೆ. ಅದು ಮುಚ್ಚಿಹೋದ ರಕ್ತನಾಳವೋ, ಸವೆದ ಸ್ನಾಯುವೋ, ಹೃದಯಕ್ಕೆ ಸಂಬಂಧವೇ ಇಲ್ಲದ ಇನ್ನೊಂದೋ ಆಗಿರಬಹುದು.

ನಮ್ಮಲ್ಲಿ ಪೊಲೀಸ್ ಪ್ರಕರಣಗಳ ಮರಣೋತ್ತರ ಪರೀಕ್ಷೆ ದಿನಾ ನಡೆಯುತ್ತದೆ. ಕಾಯಿಲೆಯನ್ನು ತಿಳಿಯಲಿಕ್ಕಾಗಿ ಮಾಡುವ ಪರೀಕ್ಷೆ ಮಾತ್ರ ಹತ್ತಿರ ಹತ್ತಿರ ನಿಂತೇ ಹೋಗಿದೆ. ಲೋಕವೆಲ್ಲ ಹೀಗೆಯೇ, ಸ್ಕ್ಯಾನ್ ಬಂದಿದೆಯಲ್ಲ, ಇನ್ನೇಕೆ ಎಂಬ ಧೈರ್ಯ. ಜನ ಒಪ್ಪುವುದಿಲ್ಲ ಎನ್ನುತ್ತೇವೆ. ಚಹಾದ ಬಿಡುವಿನಲ್ಲಿ ಇದನ್ನೇ ಅಲ್ಲಿಯ ಒಬ್ಬ ಹಿರಿಯ ವೈದ್ಯೆಯ ಬಳಿ ಹೇಳಿದೆ. ಆಕೆ ಕೇಳಿದ್ದು ಇಷ್ಟು: ನಿಮ್ಮಲ್ಲಿ ಮನೆಯವರ ಬಳಿ ಹೋಗಿ ಕೇಳುವವರು ಯಾರು? ಎಲ್ಲಿ ಕೂರಿಸಿ ಕೇಳುತ್ತಾರೆ? ವರದಿ ಬಂದ ಮೇಲೆ ಅವರನ್ನು ಮತ್ತೆ ಕರೆಯುತ್ತಾರೆಯೆ? ಮೂರಕ್ಕೂ ನನ್ನ ಬಳಿ ಉತ್ತರವಿರಲಿಲ್ಲ. ಹಿಂದೆ ಈ ಊರು ಕೇಳದೆಯೇ ನೋಡಿತು. ನಾವು ಕೇಳಲು ಹಿಂಜರಿದು ನೋಡುವುದನ್ನೇ ಬಿಟ್ಟಿದ್ದೇವೆ.

ಆ ಮಧ್ಯಾಹ್ನ ಸ್ಕ್ರೊವೆನ್ಯಿ ಗುಡಿಗೆ ನನ್ನ ಸಮಯ ಗೊತ್ತಾಗಿತ್ತು. ಮುಂಚೆಯೇ ಟಿಕೆಟ್ ಕಾದಿರಿಸಬೇಕು. ಉಸಿರಿನ ತೇವದಿಂದ ಚಿತ್ರಗಳು ಕೆಡದಿರಲೆಂದು ಮೊದಲು ಗಾಜಿನ ಕೋಣೆಯೊಂದರಲ್ಲಿ ಕಾಲು ಗಂಟೆ ಕೂರಿಸಿ, ಆಮೇಲೆ ಕಾಲು ಗಂಟೆಯಷ್ಟೇ ಒಳಕ್ಕೆ ಬಿಡುತ್ತಾರೆ. ಬಡ್ಡಿ ವ್ಯಾಪಾರದಿಂದ ಶ್ರೀಮಂತವಾದ ಮನೆತನದ ಎನ್ರಿಕೊ ಸ್ಕ್ರೊವೆನ್ಯಿ ಕಟ್ಟಿಸಿದ ಗುಡಿ, 1305ರ ಮಾರ್ಚ್‌ನಲ್ಲಿ ಪ್ರತಿಷ್ಠೆಯಾದದ್ದು. ಅವನ ತಂದೆಯನ್ನು ದಾಂತೆ ತನ್ನ ಕಾವ್ಯದ ನರಕದಲ್ಲಿ ಬಡ್ಡಿಕೋರರ ಸಾಲಿನಲ್ಲಿ ಕೂರಿಸಿದ್ದಾನೆ. ಒಳಗಿನ ಗೋಡೆಗಳೆಲ್ಲ ಜೊತ್ತೊನ ಕೈಚಳಕ. ಮೇಲೆ ಬಂಗಾರದ ಚುಕ್ಕಿಗಳ ಕಡುನೀಲಿ ಆಕಾಶ. ಬೆತ್ಲೆಹೆಮಿನ ನಕ್ಷತ್ರದ ಜಾಗದಲ್ಲಿ ಬೆಂಕಿಯ ಬಾಲದ ಧೂಮಕೇತು ಇದೆ. 1301ರಲ್ಲಿ ಹ್ಯಾಲಿ ಧೂಮಕೇತು ಬಂದುಹೋಗಿತ್ತು. ಜೊತ್ತೊ ಅದನ್ನೇ ಕಂಡು ಬರೆದಿರಬೇಕೆಂದು ಅನೇಕ ವಿದ್ವಾಂಸರ ಊಹೆ. 1986ರಲ್ಲಿ ಹ್ಯಾಲಿಯ ಬಳಿ ಸಾಗಿದ ಯುರೋಪಿನ ನೌಕೆಗೆ ಇಟ್ಟದ್ದು ಅವನ ಹೆಸರನ್ನೇ.

ನಾನು ಹೆಚ್ಚು ಹೊತ್ತು ನಿಂತದ್ದು ಶಿಲುಬೆಯಿಂದ ಇಳಿಸಿದ ಕ್ರಿಸ್ತನ ಸುತ್ತ ಜನ ಅಳುವ ಚಿತ್ರದ ಮುಂದೆ. ತಾಯಿ ಸತ್ತ ಮಗನ ತಲೆಯನ್ನು ತೋಳಿನಲ್ಲಿ ಹಿಡಿದು, ಮುಖಕ್ಕೆ ಮುಖ ತಾಗುವಷ್ಟು ಬಾಗಿದ್ದಾಳೆ. ಮುಂದುಗಡೆ ಇಬ್ಬರು ಹೆಂಗಸರು ನಮಗೆ ಬೆನ್ನು ಮಾಡಿ ಕೂತಿದ್ದಾರೆ, ಅವರ ಮುಖ ಕಾಣುವುದಿಲ್ಲ. ಕೈಗಳನ್ನು ಹಿಂದಕ್ಕೆ ಚಾಚಿ ನಿಂತ ಒಬ್ಬ. ಆಕಾಶದಲ್ಲಿ ದೇವದೂತರು ಕೂಡ ದಿಕ್ಕೆಟ್ಟು ಚೀರುತ್ತಿದ್ದಾರೆ. ಇವರನ್ನೆಲ್ಲ ನಾನು ನೋಡಿದ್ದೇನೆ. ಶವಾಗಾರದ ಹೊರಗಿನ ಸಿಮೆಂಟಿನ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತವರನ್ನು, ಹೀಗೆಯೇ ಕೈಚಾಚಿ ನಿಂತುಬಿಟ್ಟವರನ್ನು. ಎಷ್ಟೋ ವರ್ಷ ಅವರ ಪಕ್ಕದಿಂದಲೇ ಹಾದುಹೋಗಿದ್ದೇನೆ. ಏಳುನೂರು ವರ್ಷಗಳ ಹಿಂದೆ ಒಬ್ಬ ಚಿತ್ರಕಾರ ಆ ಜನರನ್ನು ಇಷ್ಟು ಹತ್ತಿರದಿಂದ ನೋಡಿದ್ದನಲ್ಲ! ವೆಸಾಲಿಯಸ್ಸನ ಕಣ್ಣು ಮೇಜಿನ ಮೇಲಿತ್ತು, ಜೊತ್ತೊನದು ಮೇಜಿನ ಸುತ್ತ ಇರುವವರ ಮೇಲೆ. ವೈದ್ಯ ವಿದ್ಯಾರ್ಥಿಗಳಿಗೆ ಈ ಎರಡನೆಯದನ್ನು ಕಲಿಸುವ ಪಠ್ಯ ನಮ್ಮಲ್ಲಿ ಎಷ್ಟಿದೆ?

ಗುಡಿಯ ಪಕ್ಕದ ಎರೆಮಿತಾನಿ ಚರ್ಚಿನ ಮೇಲೆ 1944ರ ಮಾರ್ಚ್ 11ರಂದು ಬಾಂಬು ಬಿದ್ದು, ಮಾಂತೆನ್ಯ ಬರೆದ ಭಿತ್ತಿಚಿತ್ರಗಳು ಸಾವಿರಾರು ಚೂರುಗಳಾದವು. ಹಳೆಯ ಫೋಟೊಗಳ ಆಧಾರದಿಂದ ಚೂರುಗಳನ್ನು ಹೊಂದಿಸಿ ಗೋಡೆಗೆ ಕೂರಿಸಿದ್ದಾರೆ. ಕಳೆದುಹೋದ ಕಡೆ ಮಂಕು ಬಣ್ಣವಷ್ಟೇ. ಹೆಜ್ಜೆಯಳತೆಯ ದೂರದ ಜೊತ್ತೊನ ಗುಡಿ ಉಳಿಯಿತು.

ಅವ್ವನ ಅಪ್ಪಣೆ ಒಂದಿತ್ತು: ಅಂತೋಣಿಯವರಿಗೆ ಕೈಮುಗಿದು ಬಾ. ನಾವು ಕ್ರೈಸ್ತರಲ್ಲ. ಆದರೆ ಕೆ.ಆರ್. ನಗರದ ಹತ್ತಿರದ ದೋರನಹಳ್ಳಿಯ ಅಂತೋಣಿಯವರ ಗುಡಿಗೆ ಹರಕೆ ಹೊರುವವರಲ್ಲಿ ಜಾತಿ ಮತ ಯಾರು ನೋಡುತ್ತಾರೆ? ಚಿಕ್ಕಂದಿನಲ್ಲಿ ನಮ್ಮನ್ನೂ ಕರೆದೊಯ್ದಿದ್ದರು. ಲಿಸ್ಬನ್ನಿನಲ್ಲಿ ಹುಟ್ಟಿ 1231ರಲ್ಲಿ ಇಲ್ಲಿ ತೀರಿಕೊಂಡ ಆ ಉಪದೇಶಕನ ಸಮಾಧಿಯ ಹಿಂಬದಿಯ ಕಲ್ಲಿಗೆ ಅಂಗೈಯಿಟ್ಟು ಜನ ಸಾಲಾಗಿ ನಿಲ್ಲುತ್ತಾರೆ. ಮಕ್ಕಳ, ಗಾಯಾಳುಗಳ, ಹೊಸ ದಂಪತಿಗಳ ಫೋಟೊಗಳು ಗೋಡೆಗೆ ಅಂಟಿವೆ. ನಾನೂ ಅಂಗೈಯಿಟ್ಟೆ. ಕಲ್ಲು ತಣ್ಣಗಿತ್ತು, ಎಷ್ಟೋ ಕೈಗಳಿಂದ ನುಣುಪಾಗಿತ್ತು. ಅವ್ವನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

ಊರಿಗೆ ಬಂದ ಮೇಲೆ ವಿಭಾಗದ ಸಭೆಯಲ್ಲಿ ಆ ಮೂರು ಪ್ರಶ್ನೆಗಳನ್ನು ಇಟ್ಟೆ. ಶವಾಗಾರದ ಪಕ್ಕದ ಖಾಲಿ ಕೋಣೆಗೆ ಕುರ್ಚಿ, ಕುಡಿಯುವ ನೀರು ಬಂದವು. ವಾರ್ಡಿನ ವೈದ್ಯರ ಜೊತೆ ನಮ್ಮಲ್ಲೊಬ್ಬರು ಹೋಗಿ ಕೂರುವುದು ಎಂದಾಯಿತು. ಆಟದ ಮೈದಾನದಲ್ಲಿ ಕುಸಿದು, ನಮ್ಮಲ್ಲಿಗೆ ಬಂದು ಮರುದಿನ ತೀರಿಕೊಂಡ ಒಬ್ಬ ಹುಡುಗನ ಮನೆಯವರ ಬಳಿ ನಾನೇ ಹೋದೆ. ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮಗೀನ ಕುಯ್ತೀರಾ ಮೇಡಂ?” ಎಂದರು. ಹೌದು, ಹೊಲಿದು, ತೊಳೆದು, ಸಂಜೆಯೊಳಗೆ ಕೊಡುತ್ತೇವೆ, ಮುಖ ಮುಟ್ಟುವುದಿಲ್ಲ, ನೋಡದಿದ್ದರೆ ಯಾಕೆ ಹೋದ ಎಂದು ನನಗೂ ಹೇಳಲಾಗುವುದಿಲ್ಲ ಎಂದೆ. ಸೋದರಮಾವನ ಕಡೆ ನೋಡಿದರು. “ನೋಡ್ಲಿ ಬಿಡಿ ಭಾವ” ಎಂದ ಅವನು.

ವರದಿ ಬಂದ ಮೇಲೆ ಅದೇ ಕೋಣೆಗೆ ಕರೆಸಿದೆವು. ಹೃದಯದ ಬಲಭಾಗದ ಗೋಡೆ ಕಾಗದದಷ್ಟು ತೆಳ್ಳಗಾಗಿ, ಸ್ನಾಯುವಿನ ಜಾಗದಲ್ಲಿ ಕೊಬ್ಬು ಕೂತಿತ್ತು. ಚಿತ್ರ ಬರೆದು ತೋರಿಸಿದೆ. ಅಷ್ಟು ಹೊತ್ತೂ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದ ತಾಯಿ ಕೇಳಿದರು, “ಚಿಕ್ಕೋನಿಗೂ ಇದೇ ಐತಾ, ನೋಡ್ತೀರಾ ತಾಯಿ?” ಚಿಕ್ಕವನು ಹೊರಗೆ ಬೈಕಿನ ಹತ್ತಿರ ನಿಂತಿದ್ದ, ಪಿಯುಸಿ ಓದುತ್ತಿದ್ದ ಹುಡುಗ. ಇಸಿಜಿ, ಎಕೋ ಅಂದೇ ಮಾಡಿಸಿದೆವು. ಮೈಸೂರಿನಲ್ಲಿ ಗಂಡನ ಮನೆಯಲ್ಲಿದ್ದ ಅಕ್ಕನನ್ನು ಸೋಮವಾರ ಕರೆತರಲು ಹೇಳಿ, ಹೃದ್ರೋಗ ವಿಭಾಗಕ್ಕೆ ಚೀಟಿ ಬರೆದುಕೊಟ್ಟೆ.